ಹಕ್ಕಿ ಕಂಡು ನಿಲ್ಲುವ ನಾಯಿ

ಆ ಶನಿವಾರ ಅನು ಎಲ್ಲರಿಗಿಂತ ಮುಂಚೆ ಎದ್ದು, ಶೂ ಕಟ್ಟಿಕೊಂಡು, ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮನೆಗೆ ನಾಯಿ ತರುವುದು ಅಂತೂ ತೀರ್ಮಾನವಾಗಿತ್ತು. ಯಾವ ನಾಯಿ ಎಂಬುದೊಂದೇ ಬಾಕಿ. ಅದೊಂದೇ ಮಾತು ಎರಡು ತಿಂಗಳಿಂದ ಮನೆಯನ್ನು ಸಂತೆ ಮಾಡಿಟ್ಟಿತ್ತು.

ಅನು ಹುಟ್ಟಿ ಬೆಳೆದದ್ದೆಲ್ಲ ನ್ಯೂಜೆರ್ಸಿಯಲ್ಲೇ. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಕೆಲಸ. ವಾರವಿಡೀ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಔಷಧಿಗಳ ನಡುವೆ ಇರುತ್ತಿದ್ದ ಅವಳನ್ನು ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬಳು ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಯ ಬೇಟೆಗೆ ಕರೆದುಕೊಂಡು ಹೋಗಿದ್ದಳು. ಇಬ್ಬನಿಯಲ್ಲಿ ನೆನೆದ ಒಣ ಹುಲ್ಲು, ಮುಂದೆ ಮುಂದೆ ಮೂಸುತ್ತ ಓಡುವ ನಾಯಿ, ಎಲ್ಲಿಂದಲೋ ಭರ್‍ರನೆ ಏಳುವ ಹಕ್ಕಿ. ಅವತ್ತು ಮನೆಗೆ ಬಂದವಳ ಕೆನ್ನೆ ಸಂಜೆಯವರೆಗೂ ಕೆಂಪಗಿತ್ತು. ಆಮೇಲೆ ಸುರಕ್ಷತೆಯ ತರಬೇತಿ ಮುಗಿಸಿದಳು, ಲೈಸೆನ್ಸ್ ಪಡೆದಳು, ಬಂದೂಕು ಕೊಂಡಳು. ಆದರೆ ಮನಸ್ಸು ಸೋತಿದ್ದು ಬಂದೂಕಿಗಲ್ಲ, ಆ ನಾಯಿಗೆ. ಕೆಲಸಕ್ಕೆ ಹೋಗುವ ರೈಲು ಸೀಕಾಕಸ್ ದಾಟಿ ಸುರಂಗಕ್ಕೆ ಇಳಿಯುವವರೆಗೂ ಅವಳ ಫೋನಿನಲ್ಲಿ ಓಡುತ್ತಿದ್ದುದು ನಾಯಿಗಳ ವಿಡಿಯೊಗಳೇ.

"ಲ್ಯಾಬ್ರಡಾರ್ ತಗೊಂಡ್ಬಿಡೋಣ, ತಲೆನೋವಿಲ್ಲ," ಎಂದ ಗಂಡ ಶ್ಯಾಮ್, ಕಾರು ಹೈವೇಗೆ ಹತ್ತುತ್ತಿದ್ದಂತೆ. ಅವನು ಮೈಸೂರಿನವನು; ಅಡುಗೆ ಅವನದು, ಬೇಟೆ ಹೆಂಡತಿಯದು. "ಮಕ್ಕಳ ಜೊತೆ ಚೆನ್ನಾಗಿರತ್ತೆ, ಹಕ್ಕೀನೂ ತಂದ್ಕೊಡತ್ತೆ."

"ಐ ವಾಂಟ್ ದಿ ಸ್ಪಾಟೆಡ್ ಒನ್," ಎಂದಳು ಎಂಟು ವರ್ಷದ ಸಿಯಾ.

"ಸ್ಪಾಟೆಡ್ ಒನ್ ಅಂದ್ರೆ ಜರ್ಮನ್ ಶಾರ್ಟ್‌ಹೇರ್ ಪಾಯಿಂಟರ್. ನನ್ ಓಟೂ ಅದಕ್ಕೇ!" ಎಂದಳು ಅನು.

ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕುಳಿತಿದ್ದ ಸಿದ್ದಲಿಂಗಯ್ಯನವರು ಗಂಟಲು ಸರಿಮಾಡಿಕೊಂಡರು. ಅನುವಿನ ಅಪ್ಪ. ಮುಧೋಳದವರು, ನ್ಯೂಜೆರ್ಸಿಯ ಸೇತುವೆಗಳ ಕೆಳಗೆ ಓಡಾಡಿ ಬಿರುಕು ಹುಡುಕುವ ಎಂಜಿನಿಯರ್ ಆಗಿ ಮೂವತ್ತು ವರ್ಷ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಕೊರಳಲ್ಲಿ ಲಿಂಗ, ಕೈಯಲ್ಲಿ ಊರುಗೋಲು, ಬಲಗಾಲಿಗೆ ಹೊಸ ಮಂಡಿ. ಮಗಳು ಬೇಟೆಗೆ ಹೊರಟಾಗ ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಆದರೆ ನಾಯಿಯ ಮಾತು ಬಂದರೆ ಸುಮ್ಮನಿರುವುದು ಅವರಿಂದಾಗದು.

"ನಮ್ಮೂರಿನ ನಾಯಿ ಬಿಟ್ಟು ನೀವು ಜಗತ್ತೆಲ್ಲ ಹುಡುಕಾಕ ಹತ್ತೀರಿ. ಮುಧೋಳ ನಾಯಿ ಬಿಟ್ರ ಮೊಲ ಉಳೀತಿತ್ತೇನು? ಅವ್ವಗ ಗೊತ್ತಿಲ್ಲದಂಗ ನಾನೂ ಅದರ ಹಿಂದ ಹೊಲಾ ತುಳಿದಾಂವನ."

"ಅಪ್ಪಾ, ಅದು ಕಣ್ಣಿಂದ ನೋಡಿ ಅಟ್ಟಿಸ್ಕೊಂಡು ಹೋಗೋ ನಾಯಿ. ನಂಗ ಬೇಕಾಗಿರೋದು ಮೂಗಿಂದ ಹುಡುಕೋ ನಾಯಿ. ಹಕ್ಕಿ ವಾಸನಿ ಸಿಕ್ಕ ಕೂಡ್ಲೇ ಇವು ಅದನ್ನ ಹಾರಿಸದಂಗ, ಇಲ್ಲೇ ಅದ ಅಂತ ತೋರ್ಸಿ ನಿಂತ್‌ಬಿಡ್ತಾವ."

"ನಿಂತ್‌ಬಿಡ್ತಾವ? ನಿಂತ್ರ ಅದೆಂಥಾ ಬ್ಯಾಟಿ ನಾಯಿ?" ಎಂದು ಮುದುಕರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಹಕ್ಕಿ ಬೇಟೆಯ ನಾಯಿಗಳನ್ನು ಸಾಕುವವರೆಲ್ಲ ಸೇರಿ ವರ್ಷಕ್ಕೊಮ್ಮೆ ಹಂಟರ್‌ಡನ್ ಕಡೆಯ ಒಂದು ಫಾರ್ಮಿನಲ್ಲಿ ಪ್ರದರ್ಶನ ನಡೆಸುತ್ತಿದ್ದರು. ಸೆಪ್ಟೆಂಬರಿನ ಬಿಸಿಲು ಹಿತವಾಗಿತ್ತು. ಹುಲ್ಲುಗಾವಲಿನ ಆಚೆ ಆಳೆತ್ತರದ ಜೋಳದ ಪಟ್ಟೆಗಳು, ಅದರಾಚೆ ಒಂದು ಕೆರೆ. ಕಾರಿನಿಂದ ಇಳಿಯುವಷ್ಟರಲ್ಲೇ ಬೊಗಳಾಟ ಕಿವಿಗೆ ಬಿತ್ತು. ಸಿಯಾ ಕೈ ಬಿಡಿಸಿಕೊಂಡು ಓಡಿದಳು. ಅನುವೂ ಹೆಚ್ಚು ಕಡಿಮೆ ಓಡಿದಳು.

ಅಂದಿನ ಕಾರ್ಯಕ್ರಮದ ಹೊಣೆ ಹೊತ್ತವಳು, ಆ ಫಾರ್ಮಿನ ಒಡತಿ ಡೋನಾ. ಅರವತ್ತು ದಾಟಿದ ಗಟ್ಟಿ ಹೆಂಗಸು, ಕೊರಳಲ್ಲಿ ಎರಡು ಸೀಟಿ. ಗೌಜಲಹಕ್ಕಿಗಳನ್ನು ಹುಲ್ಲಿನಲ್ಲಿ ಅಲ್ಲಲ್ಲಿ ಅಡಗಿಸಿಟ್ಟಿದ್ದರು. ಮೊದಲು ಬಂದ ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸಿಯೇಬಿಟ್ಟಿತು. ಲ್ಯಾಬ್ರಡಾರ್ ಕೆರೆಗೆ ಹಾರಿ, ಎಸೆದ ಗೊಂಬೆಹಕ್ಕಿಯನ್ನು ಕಚ್ಚಿ ತಂದಾಗ ಶ್ಯಾಮ್ ಶಿಳ್ಳೆ ಹೊಡೆದ. ಆಮೇಲೆ ಡೋನಾ ರೆಮಿಯನ್ನು ಬಿಟ್ಟಳು.

ರೆಮಿ ಶಾರ್ಟ್‌ಹೇರ್. ಕಂದು ತಲೆ, ಚುಕ್ಕೆ ಮೈ, ಹುರಿಗಟ್ಟಿದ ಸ್ನಾಯು. ಅದು ಹೊಲವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಗೀಚಿದಂತೆ ಓಡಿತು. ನೋಡನೋಡುತ್ತಿದ್ದಂತೆ, ಓಟದ ನಡುವೆಯೇ, ಯಾರೋ ಗಾಳಿಯಲ್ಲಿ ಹಿಡಿದು ನಿಲ್ಲಿಸಿದಂತೆ ನಿಂತಿತು. ಮೂಗು ಮುಂದಕ್ಕೆ, ಬಾಲ ನೆಟ್ಟಗೆ, ಮುಂಗಾಲೊಂದು ಮಡಚಿ ಮೇಲೆ.

"ಅಯ್ಯಯ್ಯ, ನಿಂತ್‌ಬಿಡ್ತಲ್ಲೋ!" ಎಂದು ಸಿದ್ದಲಿಂಗಯ್ಯ ಮಡಚು ಕುರ್ಚಿಯಿಂದ ಎದ್ದೇಬಿಟ್ಟರು. "ಅಷ್ಟ್ ಜೋರ್ ಓಡೋ ಪ್ರಾಣಿ, ಹೆಂಗ ತಡ್ಕೊಂತದ ಅದು?"

ಇದೇ, ಇದೇ ನನ್ನ ನಾಯಿ, ಎಂದು ಅನುವಿನ ಮನಸ್ಸು ಕುಣಿಯುತ್ತಿತ್ತು. ಪ್ರದರ್ಶನ ಮುಗಿಯುವುದನ್ನೇ ಕಾದು ಡೋನಾಳ ಬಳಿ ಹೋಗಿ, ರೆಮಿಯನ್ನು ಮಾರುತ್ತೀರಾ ಎಂದು ಕೇಳಿದಳು. ಮಾರಾಟಕ್ಕಿದೆ, ಆದರೆ ಮೊದಲು ಮನೆಯವರೊಂದಿಗೆ ಹೇಗಿರುತ್ತದೋ ನೋಡಬೇಕು ಎಂದ ಡೋನಾ ಎಲ್ಲರನ್ನೂ ತನ್ನ ಮನೆಯ ಹಿತ್ತಿಲಿಗೆ ಕರೆದೊಯ್ದಳು.

ಹಿತ್ತಿಲಲ್ಲಿ, ಜಗಲಿಯ ಕಂಬಕ್ಕೆ ಕಟ್ಟಿದ್ದ ಕಿತ್ತಳೆ-ಬಿಳಿ ಬಣ್ಣದ ಇನ್ನೊಂದು ನಾಯಿ ಸಿದ್ದಲಿಂಗಯ್ಯನವರ ಕೈ ಮೂಸಿ ಸುಮ್ಮನೆ ಕುಳಿತಿತು. ರೆಮಿ ಸುಂಟರಗಾಳಿಯಾಯಿತು. ಬೇಲಿಯುದ್ದಕ್ಕೂ ಸುತ್ತು ಹಾಕಿತು, ಸಿಯಾಳ ಕೈಯಿಂದ ಸ್ಯಾಂಡ್‌ವಿಚ್ ಹಾರಿಸಿತು, ಅವಳನ್ನು ಹುಲ್ಲಿನ ಮೇಲೆ ಕೆಡವಿ ಮುಖ ನೆಕ್ಕಿತು. ಸಿಯಾ ಕಿಲಕಿಲ ನಕ್ಕಳು. ಮರುಕ್ಷಣ ಅದು ಸಿದ್ದಲಿಂಗಯ್ಯನವರ ಪಕ್ಕದಲ್ಲೇ ಬಾಣದಂತೆ ಹಾದಾಗ ಊರುಗೋಲು ಹಾರಿ ದೂರ ಬಿತ್ತು. ಶ್ಯಾಮ್ ಮಾವನ ತೋಳು ಹಿಡಿಯದಿದ್ದರೆ ಮುದುಕರೂ ಬೀಳುತ್ತಿದ್ದರು.

"ವಾರದ ದಿನಗಳಲ್ಲಿ ಇವನ ಜೊತೆ ಯಾರಿರುತ್ತಾರೆ?" ಎಂದು ಡೋನಾ ಕೇಳಿದಳು.

"ನಮ್ಮ ತಂದೆ," ಎಂದಳು ಅನು.

ಡೋನಾ ಮುದುಕರ ಕಾಲಿನ ಕಡೆ ನೋಡಿದಳು. "ಇವನಿಗೆ ದಿನಾ ಓಟ ಬೇಕು, ನಡಿಗೆ ಸಾಲದು. ಓಡದಿದ್ದರೆ ನಿಮ್ಮ ಸೋಫಾ ತಿಂದು ಹಾಕುತ್ತಾನೆ. ಆಮೇಲೆ ಗೋಡೆ."

ಅನು ಬಿಡಲಿಲ್ಲ. ನಾಯಿ ಓಡಿಸುವವರನ್ನು ಇಟ್ಟುಕೊಳ್ಳುತ್ತೇನೆ ಎಂದಳು, ಡೇ ಕೇರ್‌ಗೆ ಸೇರಿಸುತ್ತೇನೆ ಎಂದಳು, ನಸುಕಿನಲ್ಲೇ ಎದ್ದು ತಾನೇ ಓಡಿಸುತ್ತೇನೆ ಎಂದಳು. "ನೀನು ಐದೂವರೆಗೆ ಅಲಾರಂ ಆಫ್ ಮಾಡಿ ಮಲಗೋಳು," ಎಂದು ಶ್ಯಾಮ್ ನೆನಪಿಸಿದ. ಅದಕ್ಕೂ ಅವಳಲ್ಲಿ ಉತ್ತರವಿತ್ತು. ಹೀಗೆ ಮಾತಿಗೆ ಮಾತು ಬೆಳೆಯುತ್ತಿದ್ದಾಗ ಸಿಯಾ ಕೇಳಿದಳು: "ಮಾಮ್, ವೇರ್ ಈಸ್ ಅಜ್ಜಾ?"

ಹಿತ್ತಿಲಲ್ಲಿ ಅಜ್ಜ ಇರಲಿಲ್ಲ. ಗೇಟನ್ನು ಬರೀ ಮುಂದೆ ಮಾಡಲಾಗಿತ್ತು, ಅಗುಳಿ ಹಾಕಿರಲಿಲ್ಲ. ಜಗಲಿಯ ಕಂಬದ ಬಳಿಯ ಆ ಕಿತ್ತಳೆ-ಬಿಳಿ ನಾಯಿಯೂ ಇರಲಿಲ್ಲ.

"ಮೇಪಲ್!" ಎಂದಳು ಡೋನಾ. "ನನ್ನ ಬ್ರಿಟನಿ ತಳಿಯ ನಾಯಿ. ಹಗ್ಗ ಬಿಚ್ಚಿ ಕರೆದುಕೊಂಡು ಹೋಗಿದ್ದಾರೆ."

ಅನುವಿನ ಕಣ್ಣಿಗೆ ಮೊದಲು ಬಿದ್ದದ್ದು ಕೆರೆ. ಒಂದೇ ಉಸಿರಿಗೆ ಅಲ್ಲಿಗೆ ಓಡಿದಳು. ನೀರು ಕಲಕಿರಲಿಲ್ಲ. "ಅಪ್ಪಾ! ಅಪ್ಪಾ!" ಎಂದು ಕೂಗಿದಳು. ಉತ್ತರವಿಲ್ಲ. ಅವರ ನಂಬರಿಗೆ ಫೋನ್ ಮಾಡಿದಳು. ಜೋಳದ ಪಟ್ಟೆಯ ಒಳಗಿನಿಂದ ಎಲ್ಲೋ ರಿಂಗಣ ಸಣ್ಣಗೆ ಕೇಳಿಸಿತು. ಬಡಿದುಕೊಂಡು ಬಡಿದುಕೊಂಡು ನಿಂತಿತು, ಯಾರೂ ಎತ್ತಲಿಲ್ಲ. ಬಿದ್ದಿದ್ದಾರೆ, ಎಂದುಕೊಂಡಳು ಅನು. ಮತ್ತೆ ಒತ್ತಿ, ಆ ಸದ್ದಿನ ಜಾಡು ಹಿಡಿದು ದಂಟುಗಳನ್ನು ಎರಡೂ ಕೈಯಿಂದ ಸರಿಸುತ್ತ ನುಗ್ಗಿದಳು. ಹಿಂದೆಯೇ ಶ್ಯಾಮ್, ಸಿಯಾ, ಡೋನಾ.

ಪಟ್ಟೆಯ ಆಚೆ ಮುಳ್ಳುಪೊದೆಗಳ ಸಣ್ಣ ಬಯಲು. ಅಲ್ಲಿ ಮೇಪಲ್ ನಿಂತಿತ್ತು: ತಲೆ ತಗ್ಗಿಸಿ, ಮುಂಗಾಲು ಮಡಚಿ, ಪೊದೆಯೊಂದಕ್ಕೆ ಮೂಗು ನೆಟ್ಟು. ಅದರ ಹಿಂದೆ, ಸಡಿಲ ಹಗ್ಗದ ತುದಿ ಹಿಡಿದು, ಒಂದು ಹೆಜ್ಜೆ ಮುಂದೆ ಇಟ್ಟದ್ದು ಇಟ್ಟಂತೆಯೇ, ಸಿದ್ದಲಿಂಗಯ್ಯನವರೂ ನಿಂತಿದ್ದರು. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಜೇಬಿನಲ್ಲಿ ಫೋನ್ ಇನ್ನೂ ಬಡಿದುಕೊಳ್ಳುತ್ತಿತ್ತು.

"ಅಪ್ಪಾ!"

"ಶ್!" ಅವರು ತುಟಿ ಮಾತ್ರ ಆಡಿಸಿದರು. "ಬಂದ್ ಮಾಡವಾ ಅದನ್ನ. ನಾ ಅಳ್ಳಾಡಿದ್ರ ಅದರ ಕೆಲಸಾ ಕೆಡತೈತಿ."

"ಎಷ್ಟೊತ್ತಿಂದ ಹಿಂಗ ನಿಂತೀರಿ?"

"ಅದು ನಿಂತಾಗಿಂದ."

ಅನುವಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಡೋನಾ ಅವಳ ಭುಜ ಮುಟ್ಟಿ, ಪಕ್ಕದಿಂದ ಹೋಗಿ ಪೊದೆ ಒದೆ ಎಂದು ಪಿಸುಗುಟ್ಟಿದಳು. ಅನು ಒಂದೊಂದೇ ಹೆಜ್ಜೆ ಇಟ್ಟಳು. ನಾಯಿಯ ಮೈ ಸಣ್ಣಗೆ ನಡುಗುತ್ತಿತ್ತು, ಆದರೆ ಪಾದ ನೆಲ ಬಿಡಲಿಲ್ಲ. ಶೂವಿನ ತುದಿ ಪೊದೆಗೆ ತಾಕಿದ್ದೇ ತಡ, ಕಾಲಬುಡದಲ್ಲಿ ಪಟಾಕಿ ಸಿಡಿದಂತಾಯಿತು. ಮೊಳದುದ್ದ ಬಾಲದ ಫೆಸೆಂಟ್ ಹುಂಜವೊಂದು, ಕೆಂಪು ಕೆನ್ನೆ, ಹಸಿರು ಕೊರಳು, ಬಿಸಿಲಿನಲ್ಲಿ ತಾಮ್ರದಂತೆ ಹೊಳೆಯುತ್ತ ಎದ್ದು, ಕೂಗುತ್ತ, ಜೋಳದ ತಲೆಯ ಮೇಲೆ ತೇಲಿ ಹೋಯಿತು.

"ಹೋತೋ! ಹಾರಿ ಹೋತೋ!" ಸಿದ್ದಲಿಂಗಯ್ಯ ಊರುಗೋಲನ್ನು ಮೇಲೆತ್ತಿ ಕೂಗಿದರು. ಸಿಯಾ ಕುಣಿದಳು. ಶ್ಯಾಮ್ ಯಾಕೆಂದು ತಿಳಿಯದೆ ಚಪ್ಪಾಳೆ ತಟ್ಟಿದ. ಮೇಪಲ್ ಮಾತ್ರ ನಿಂತಲ್ಲೇ ನಿಂತು, ಕತ್ತು ತಿರುಗಿಸಿ ಮುದುಕರ ಮುಖ ನೋಡಿತು.

"ಆ ಹಕ್ಕಿ ಈ ಸಲ ನಾವು ಬಿಟ್ಟದ್ದಲ್ಲ," ಎಂದಳು ಡೋನಾ. "ಹೋದ ವರ್ಷದ್ದು ಯಾವುದೋ ಉಳಿದುಕೊಂಡಿರಬೇಕು."

ಹಿತ್ತಿಲಿಗೆ ಹಿಂದಿರುಗುವಾಗ ಅವಳು ಮೇಪಲ್‌ನ ಕಥೆ ಹೇಳಿದಳು. ಮೂರು ವರ್ಷದ ಹೆಣ್ಣು ನಾಯಿ. ಮೊದಲು ಕೊಂಡವನು ಮೇನ್ ರಾಜ್ಯದ ದೊಡ್ಡ ಕಾಡುಗಳಲ್ಲಿ ಬೇಟೆಯಾಡುವವನು. ಇದು ದೂರ ಹೋಗುವುದಿಲ್ಲ, ಯಜಮಾನನ ಕಾಲ ಹತ್ತಿರವೇ ಹುಡುಕುತ್ತದೆ ಎಂದು ವಾಪಸು ಕೊಟ್ಟಿದ್ದ. ನನ್ನ ವಯಸ್ಸಿಗೆ ಸರಿಹೋಗುತ್ತದೆ ಎಂದು ನಾನೇ ಇಟ್ಟುಕೊಂಡೆ, ಮಾರುವುದಿಲ್ಲ, ಎಂದಳು.

ರೆಮಿ ಬೇಲಿಯ ಹಿಂದೆ ನೆಗೆಯುತ್ತಿತ್ತು. ಅನು ಬಹಳ ಹೊತ್ತು ಅದನ್ನೇ ನೋಡಿದಳು. ಎಂಥ ಚೆಲುವಾದ ನಾಯಿ! ಅದರ ಹಿಂದೆ ಓಡುವ ತನ್ನನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದಳು. ಆದರೆ ತಾನು ಓಡುವುದು ವಾರಕ್ಕೊಂದು ಬೆಳಗ್ಗೆ, ಅದೂ ವರ್ಷದಲ್ಲಿ ಮೂರು ತಿಂಗಳು. ಮಿಕ್ಕ ದಿನವೆಲ್ಲ ನಾಯಿ ನೋಡುವುದು ಯಾರ ದಾರಿ? ಅವಳು ಅಪ್ಪನ ಕಡೆ ತಿರುಗಿದಳು. ಅವರು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಮೇಪಲ್‌ನ ಕಿವಿಯಲ್ಲಿ ಸಿಕ್ಕಿದ್ದ ಮುಳ್ಳುಕಾಯಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

"ಅಪ್ಪಾ, ಯಾವುದು ತಗೊಳ್ಳೋಣ?"

"ನನ್ನ ಕೇಳ್ತಿಯೇನು? ನಾ ಏನು ಬ್ಯಾಟಿ ಆಡ್ತೀನಾ?" ಎಂದರು ಅವರು, ಕೈಕೆಲಸ ನಿಲ್ಲಿಸದೆ. ಆಮೇಲೆ ಡೋನಾ ಕಡೆ ನೋಡಿ ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು: ಮೇಡಂ, ನಿಮ್ಮ ಈ ಹುಡುಗಿಯನ್ನು ನಮಗೆ ಕೊಡುವ ಬಗ್ಗೆ ಇನ್ನೊಮ್ಮೆ ಯೋಚಿಸಬಹುದೇ?

ಡೋನಾ ತಕ್ಷಣ ಒಪ್ಪಲಿಲ್ಲ. ಮುದುಕರ ದಿನಚರಿ ಕೇಳಿದಳು, ಮನೆಯ ಹಿಂದಿನ ಬೇಲಿಯ ಎತ್ತರ ಕೇಳಿದಳು, ನಾಯಿಯೊಡನೆ ಹೇಗಿರಬೇಕೆಂದು ಸಿಯಾಳನ್ನು ಕೂರಿಸಿಕೊಂಡು ಮಾತಾಡಿದಳು. ಒಂದು ವಾರ ಕರೆದೊಯ್ಯಿರಿ, ಆಮೇಲೆ ನೋಡೋಣ ಎಂದಳು. ವಾರದ ಕೊನೆಗೆ ತಾನೇ ಬಾಸ್ಕಿಂಗ್ ರಿಡ್ಜಿನ ಅವರ ಮನೆಗೆ ಬಂದು, ಸೋಫಾದ ಮೇಲೆ ಮುದುಕರ ತೊಡೆಗೆ ತಲೆಯಿಟ್ಟು ಮಲಗಿದ್ದ ನಾಯಿಯನ್ನು ನೋಡಿ, ಅದರ ಊಟದ ಬಟ್ಟಲನ್ನೂ ಕೊಟ್ಟು ಹೋದಳು.

ಮನೆಯ ಲಯವೇ ಬದಲಾಯಿತು. ಮಂಡಿಗೆ ವ್ಯಾಯಾಮ ಮಾಡಿ ಎಂದು ಡಾಕ್ಟರು ಬೇಡಿಕೊಂಡರೂ ಕೇಳದಿದ್ದ ಸಿದ್ದಲಿಂಗಯ್ಯ ಈಗ ದಿನಕ್ಕೆ ಎರಡು ಸಲ ಬೀದಿ ಸುತ್ತಿದರು. ನಾಯಿಯ ಹೆಸರು ಅವರ ಬಾಯಲ್ಲಿ ಮೇಪಲ್ ಹೋಗಿ ಮಲ್ಲಿಯಾಯಿತು. "ನಿಲ್ಲು", "ಬಾ", "ಹುಡುಕು" ಎಂದು ಕನ್ನಡದಲ್ಲೇ ಕಲಿಸಿದರು. ಭಾನುವಾರ ಅನು ತರಬೇತಿಗೆ ಕರೆದೊಯ್ದು ಇಂಗ್ಲಿಷಿನಲ್ಲಿ ಕೂಗಿದರೆ ನಾಯಿ ಕಿವಿ ನೆಟ್ಟಗೆ ಮಾಡಿ, ಪಾಪ ಇವಳಿಗೇನೋ ಆಗಿದೆ ಎಂಬಂತೆ ನೋಡುತ್ತಿತ್ತು.

ನವೆಂಬರಿನಲ್ಲಿ ಬೇಟೆಯ ಋತು ಶುರುವಾಯಿತು. ಮೊದಲ ದಿನ ಅನು, ಬೇಟೆಗಾರರು ಸುರಕ್ಷತೆಗೆಂದು ತೊಡುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೊರಟರೆ, ಬಾಗಿಲಲ್ಲಿ ಅಪ್ಪನೂ ಅಂಥದ್ದೇ ಅಂಗಿ ತೊಟ್ಟು ನಿಂತಿದ್ದರು. "ನಾಯಿ ನೋಡಾಕ ಬರ್ತೀನಿ. ಬಂದೂಕಿನ ಕಡೆ ನೋಡಂಗಿಲ್ಲ," ಎಂದರು.

ಹುಲ್ಲಿನ ಮೇಲೆ ಹಿಮದ ಪುಡಿ. ಮಲ್ಲಿ ಅಪ್ಪ-ಮಗಳ ಮುಂದೆ ಆ ಕಡೆ ಈ ಕಡೆ ಮೂಸುತ್ತ ಹೋಯಿತು. ಯಾರೂ ಓಡಬೇಕಾಗಲಿಲ್ಲ. ಒಂದು ಒಣಪೊದೆಯ ಬಳಿ ಅದು ಥಟ್ಟನೆ ನಿಂತಿತು. "ನಿಲ್ಲು," ಎಂದಳು ಅನು. ಪಕ್ಕದಿಂದ ನುಗ್ಗಿದಳು. ಹಕ್ಕಿ ಭರ್‍ರನೆ ಎದ್ದಿತು. ಅಪ್ಪ ಕಿವಿ ಮುಚ್ಚಿಕೊಂಡು ಅತ್ತ ತಿರುಗಿ ನಿಂತರು. ಗುಂಡು ಹಾರಿತು. ಹಕ್ಕಿ ಗಾಳಿಯಲ್ಲಿ ಮಗುಚಿ ಹುಲ್ಲಿಗೆ ಬಿತ್ತು.

"ಹುಡುಕು, ಮಲ್ಲೀ!" ಅನು ಚೀರಿದಳು. ನಾಯಿ ಹುಲ್ಲಿನಲ್ಲಿ ಮುಳುಗಿ, ಬಾಯ್ತುಂಬ ಹಕ್ಕಿ ಕಚ್ಚಿಕೊಂಡು, ಹೆಮ್ಮೆಯಿಂದ ತಲೆಯೆತ್ತಿ ಕುಣಿಯುತ್ತ ಬಂತು. ಅನು ಮಂಡಿಯೂರಿ ಕೈ ಚಾಚಿದಳು. ಮಲ್ಲಿ ಅವಳನ್ನು ಕಣ್ಣೆತ್ತಿಯೂ ನೋಡದೆ ಪಕ್ಕದಲ್ಲೇ ಹಾದು ಹೋಗಿ, ಆ ಹಕ್ಕಿಯನ್ನು ಸಿದ್ದಲಿಂಗಯ್ಯನವರ ಬೂಟಿನ ಮೇಲೆ ಮೆಲ್ಲಗೆ ಇಟ್ಟು, ಶಹಬ್ಬಾಸ್‌ಗಿರಿಗಾಗಿ ಮುಖ ನೋಡುತ್ತ ಕುಳಿತಿತು.

"ಏ, ಏ! ನನಗ ಬ್ಯಾಡವ್ವಾ! ಅಕಿಗೆ ಕೊಡು, ಅಕಿಗೆ!" ಮುದುಕರು ಊರುಗೋಲಿನಿಂದ ಮಗಳ ಕಡೆ ತೋರಿಸುತ್ತ, ಒಂದೇ ಕಾಲಿನ ಮೇಲೆ ಹಿಂದೆ ಸರಿಯುತ್ತ, ಇನ್ನೊಂದು ಕೈಯಲ್ಲಿ ನಾಯಿಯ ತಲೆ ಸವರುತ್ತ ಕೂಗಿದರು. ಅನು ನಕ್ಕು ನಕ್ಕು ಹಿಮದ ಹುಲ್ಲಿನಲ್ಲೇ ಕುಳಿತುಬಿಟ್ಟಳು.