ಹೋಗುವ ಪೈಪು, ಬರುವ ಪೈಪು

ಪೈಪು, ವಾಲ್ವುಗಳ ವಿಷಯವನ್ನು ಕತೆ ಮಾಡಿ ಹೇಳಲು ಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಆ ಕಸುಬಿನವರಿಗೆ ಅಲ್ಲಲ್ಲಿ ನಗು ಬರಬಹುದು, ಕಂಪ್ಯೂಟರ್ ಬಲ್ಲವರಿಗೆ ಇನ್ನೂ ಹೆಚ್ಚು ಕಡೆ ಬರಬಹುದು. ತಪ್ಪು ಕಂಡರೆ ತಿದ್ದಿಕೊಂಡು ಓದಲಿ. ಗೆರೆ ಎಳೆಯುವ ವಿಷಯಕ್ಕೆ ಒಂದು ಅಂಗಡಿ ಒಡೆದು ಎರಡಾಗುವುದರಲ್ಲಿತ್ತು ಎಂದ ಮೇಲೆ ಹೇಳದೆ ಇರುವುದೂ ಕಷ್ಟ.

ಅಂಗಡಿ ಭಾವ, ಮೈದುನ ಇಬ್ಬರದು. ಭಾವ ಬಾಯ್ಲರ್ ಕೂರಿಸುವವನು, ಯಾವಾಗಲೂ ಕೆಳಗೆ. ಮೈದುನ ಕೋಣೆಕೋಣೆಗೆ ಪೈಪು ಒಯ್ದು, ಚಳಿಗೆ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಜೋಡಿಸುವವನು, ಯಾವಾಗಲೂ ಮೇಲೆ. ನಡುವೆ ಮೇಜಿನ ಹಿಂದೆ ಕೂತು ಫೋನು ಎತ್ತುವವಳು ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ. ಅವಳನ್ನು ಇಲ್ಲಿ ಅಕ್ಕ ಎಂದೇ ಕರೆಯೋಣ.

ಮೊದಲೆಲ್ಲ ನಕ್ಷೆ ಎಂದರೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದು. ಬಣ್ಣ ಬಳಿಯುವವರು ಬಂದರೆ ನಕ್ಷೆ ಮಾಯ. ಈಗ ಕೆಲಸ ಕೊಡುವ ಕಟ್ಟಡದವರು ಕಂಪ್ಯೂಟರಿನಲ್ಲಿ ಬರೆದು ಕಳಿಸಿ ಎನ್ನತೊಡಗಿದ್ದರು. ಇಬ್ಬರೂ ಒಂದೊಂದು ಸಾಫ್ಟ್‌ವೇರ್ ಹಿಡಿದು ತಂದರು. ಅಕ್ಕನ ಗಂಡನದರಲ್ಲಿ ಸಕ್ಕರೆಗೆ ಮುತ್ತಿದ ಇರುವೆಗಳಂತೆ ಗುಂಡಿಗಳು, ಒಂದನ್ನು ಒತ್ತಿದರೆ ಅದರ ಬಂಧುಬಳಗವೆಲ್ಲ ಎದ್ದು ಬರುತ್ತಿತ್ತು. ತಮ್ಮನದರಲ್ಲಿ ಮನೆಯನ್ನು ಕೈಯಲ್ಲಿ ಹಿಡಿದು ತಿರುಗಿಸಬಹುದಿತ್ತು. ಅಕ್ಕ ಒಮ್ಮೆ ತಿರುಗಿಸಿದಳು, ಬಚ್ಚಲುಮನೆ ನೆಲದಡಿಗೆ ಹೋಯಿತು, ಮತ್ತೆ ಮೇಲೆ ಬರಲಿಲ್ಲ.

ಒಬ್ಬನ ನಕ್ಷೆ ಇನ್ನೊಬ್ಬನ ಸಾಫ್ಟ್‌ವೇರಿನಲ್ಲಿ ತೆರೆಯುತ್ತಿರಲಿಲ್ಲ. ತೆರೆದಿದ್ದರೂ ಇವರು ನೋಡುತ್ತಿರಲಿಲ್ಲವೆನ್ನಿ. ನಿನ್ನದು ಆಟದ ಸಾಮಾನು ಎಂದು ಭಾವ ಅಂದ. ನಿಮ್ಮದನ್ನು ಕಲಿಯುವಷ್ಟರಲ್ಲಿ ಗಿರಾಕಿಯ ಮೊಮ್ಮಕ್ಕಳ ಮದುವೆಯಾಗುತ್ತದೆ ಎಂದು ಮೈದುನ ಅಂದ. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ಅಡ್ಡರಸ್ತೆಯಲ್ಲಿ ಮೈದುನ ಒಂದು ಖಾಲಿ ಮಳಿಗೆ ನೋಡಿ ಬಂದನೆಂಬ ಸುದ್ದಿ ಅಕ್ಕನಿಗೆ ಪಕ್ಕದ ಟೈಲರನಿಂದ ಗೊತ್ತಾಯಿತು. ಕೇಳಿದಾಗ ಅವನು ವಾಷರ್ ಡಬ್ಬಿಯಲ್ಲಿ ಏನನ್ನೋ ಹುಡುಕುತ್ತಾ, "ನೀನೇ ಒಂದನ್ನ ಆರಿಸು ಅಕ್ಕ. ಭಾವನದ್ದಾದ್ರೆ ನಾನು ನನ್ನ ದಾರಿ ನೋಡ್ಕೋತೀನಿ," ಅಂದ. ಗಂಡನನ್ನು ಕೇಳಿದರೆ, ಅವನೂ ಅವಳೇ ಆರಿಸಲಿ ಎಂದ, ಆದರೆ ಮನೆಯ ಯಜಮಾನ ಯಾರೆಂಬುದನ್ನು ನೆನಪಿಟ್ಟುಕೊಂಡು ಆರಿಸಲಿ ಎಂದ.

ಅಕ್ಕನಿಗೆ ಬೇಕಾಗಿದ್ದು ಒಂದೇ, ಅಂಗಡಿ ಒಡೆಯಬಾರದು. ಗಂಡನದನ್ನು ಆರಿಸಿದರೆ ತಮ್ಮ ಹೋಗುತ್ತಾನೆ, ತಮ್ಮನದನ್ನು ಆರಿಸಿದರೆ ಗಂಡನ ಊದಿದ ಮುಖವನ್ನು ದಿನಾ ಊಟದ ತಟ್ಟೆಯ ಆಚೆ ನೋಡಬೇಕಾಗುತ್ತದೆ. ಹೀಗಾಗಿ ಅವಳು ಮೂರನೆಯ ಸಾಫ್ಟ್‌ವೇರ್ ಒಂದನ್ನು ತಾನೇ ಹುಡುಕಿದಳು. ಚೌಕುಳಿ ಗೆರೆಯ ಖಾಲಿ ಹಾಳೆ, ಪಕ್ಕದಲ್ಲಿ ಗೆರೆ, ನಲ್ಲಿ, ವಾಲ್ವು, ತೊಟ್ಟಿ, ಬಾಣ. ಅಷ್ಟೇ. ಇಷ್ಟು ಸುಲಭವಾಗಿದೆ ಎಂದರೆ ಇದರಲ್ಲಿ ಏನೋ ಐಬಿರಬೇಕು ಎಂದು ಹೆದರಿ ಎರಡು ದಿನ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಅಕ್ಕನ ಅತ್ತೆ, ಊರವರ ಕೋಣೆಯೆಲ್ಲ ಬೆಚ್ಚಗಾಯಿತು, ಇನ್ನು ನನ್ನದೂ ಆಗಲಿ ಎಂದು ಗೊಣಗಿದರು. ಅಂಗಡಿಯ ಮೇಲೇ ಮನೆ, ಆದರೂ ಅತ್ತೆಯ ಕೋಣೆಗೆ ರೇಡಿಯೇಟರ್ ಇರಲಿಲ್ಲ. ಅಕ್ಕ ಅದನ್ನೇ ಪರೀಕ್ಷೆಗೆ ಇಟ್ಟುಕೊಂಡಳು. ಕೆಳಗಿನ ಬಾಯ್ಲರಿನಿಂದ ಮೇಲಿನ ಕೋಣೆಗೆ ಎರಡು ಗೆರೆ ಎಳೆದಳು. ಒಂದರ ಪಕ್ಕ 'ಹೋಗುವುದು', ಇನ್ನೊಂದರ ಪಕ್ಕ 'ಬರುವುದು' ಎಂದು ಬರೆದಳು. ಎರಡು ಪ್ರಿಂಟ್ ತೆಗೆದು ಒಂದನ್ನು ಬಾಯ್ಲರಿನ ಪಕ್ಕ, ಇನ್ನೊಂದನ್ನು ಅತ್ತೆಯ ಕೋಣೆಯಲ್ಲಿ ಅಂಟಿಸಿದಳು. ಮಕ್ಕಳ ಚಿತ್ರಪುಸ್ತಕ ಎಂದು ಇಬ್ಬರೂ ಬೇರೆಬೇರೆಯಾಗಿ ಒಂದೇ ಮಾತು ಅಂದರು. ಅಷ್ಟರಮಟ್ಟಿಗಾದರೂ ಒಮ್ಮತ ಬಂತಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಳು.

ಕೆಲಸ ಮುಗಿಯಿತು, ಒಂದೂ ಮಾತಿಲ್ಲದೆ. ಬಾಯ್ಲರ್ ಹೊತ್ತಿಸಿದರು. ರೇಡಿಯೇಟರ್ ಬೆಚ್ಚಗಾಗುತ್ತಿದ್ದಂತೆ ಟಕ್ ಟಕ್ ಟಕ್ ಎಂದು ಸದ್ದು ಶುರುವಾಯಿತು. ಅತ್ತೆ ಎದ್ದು ಹೋಗಿ ಬಾಗಿಲು ತೆರೆದರು. ಯಾರೂ ಇಲ್ಲ. ಬಂದು ಕೂತರು, ಮತ್ತೆ ಟಕ್ ಟಕ್. ಮತ್ತೆ ಹೋದರು.

"ಯಾರೋ ಬಡಿದು ಓಡಿಹೋಗ್ತಿದಾರೆ ಕಣೇ," ಅಂದರು. "ಒಳಗೆ ಬಾ ಅಂದ್ರೆ ಬರಲ್ಲ."

ಸದ್ದು ರೇಡಿಯೇಟರಿನ ಒಂದು ತುದಿಗೆ ಮೈದುನ ಹಾಕಿದ್ದ ವಾಲ್ವಿನದು. ನೀರು ಒಂದು ಕಡೆಯಿಂದ ಮಾತ್ರ ನುಗ್ಗಬೇಕಾದ ವಾಲ್ವು ಅದು, ಹಿಂದಿನಿಂದ ನುಗ್ಗಿದರೆ ಹೀಗೆ ಬಡಿದುಕೊಳ್ಳುತ್ತದೆ. ಇದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ತಪ್ಪು ಕೆಳಗಿನದೆಂದು ಮೇಲಿನವನು ಅಂದ, ಮೇಲಿನದೆಂದು ಕೆಳಗಿನವನು ಅಂದ. ಆಮೇಲೆ ಇಬ್ಬರೂ ಒಟ್ಟಿಗೆ ಚಿತ್ರಪುಸ್ತಕದ ಕಡೆ ತಿರುಗಿದರು. ಚಿತ್ರಪುಸ್ತಕದ ಕಡೆ ಎಂದರೆ ಅಕ್ಕನ ಕಡೆ.

ತಪ್ಪು ತನ್ನದೇ ಎಂದು ಅಕ್ಕನಿಗೆ ಖಾತ್ರಿಯಾಗಿತ್ತು. ಯಾವುದು ತಪ್ಪು ಎಂಬುದಷ್ಟೇ ಗೊತ್ತಿರಲಿಲ್ಲ. ಬಾಯ್ಲರಿನ ಪಕ್ಕದ ನಕ್ಷೆಯ ಮೇಲೆ ಬೆರಳಿಟ್ಟು ಗಂಡನನ್ನು ಕೇಳಿದಳು, "ರೀ, ಇಲ್ಲಿ ಹೋಗೋದು ಅಂದ್ರೆ ಏನು ತಿಳ್ಕೊಂಡ್ರಿ?"

"ಅದರಲ್ಲಿ ತಿಳ್ಕೊಳ್ಳೋದೇನು? ಬಾಯ್ಲರಿಂದ ಬಿಸಿ ನೀರು ಹೊರಗೆ ಹೋಗೋದು."

"ಅದು ಬರೋದಲ್ವಾ ಭಾವ?" ಎಂದ ತಮ್ಮ. "ಬಿಸಿ ನೀರು ರೂಮಿಗೆ ಬರುತ್ತೆ. ತಣ್ಣಗಾಗಿ ರೂಮಿಂದ ಹೋಗುತ್ತೆ."

ಭಾವ ಬಿಸಿ ನೀರು ಬಿಟ್ಟದ್ದು ಒಂದು ಪೈಪಿಗೆ, ಮೈದುನ ವಾಲ್ವು ಹಾಕಿದ್ದು ಇನ್ನೊಂದಕ್ಕೆ. ಇಷ್ಟು ವರ್ಷ ಇವರು ಮೆಟ್ಟಿಲ ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಕೂಗಾಡಿಕೊಂಡೇ ಪೈಪು ಜೋಡಿಸಿದವರು. ನಿಮ್ಮ ಕಡೆ ಹೋಗೋದು, ನನ್ನ ಕಡೆ ಬರೋದು ಎಂದು ಕೂಗಿದರೆ ಎಲ್ಲ ಸರಿಹೋಗುತ್ತಿತ್ತು. ಕಾಗದಕ್ಕೆ ಇಳಿಯುವಾಗ ನಿಮ್ಮದೂ ನನ್ನದೂ ಬಿದ್ದುಹೋಗಿದ್ದವು. ಮಾತು ಬಿಟ್ಟಿದ್ದರಿಂದ ಕೇಳುವವರೂ ಇರಲಿಲ್ಲ.

ಹಾಗಾದರೆ ಸರಿಯಾದ ಮಾತು ಯಾವುದೆಂದು ಹೊಸ ಜಗಳ ಹೊತ್ತಿಕೊಂಡಿತು. ನೀರು ಹುಟ್ಟುವ ಕಡೆಯಿಂದ ಹೇಳಬೇಕು ಎಂದು ಒಬ್ಬ, ಚಳಿ ಇರುವ ಕಡೆಯಿಂದ ಹೇಳಬೇಕು ಎಂದು ಇನ್ನೊಬ್ಬ. ನಿಮಗೆ ಯಾವಾಗಲೂ ನಿಮ್ಮ ಕಡೆಯದೇ ಎಂದ ತಮ್ಮ, ಮಳಿಗೆಯ ಮಾತನ್ನೂ ಎತ್ತಿದ.

ಆಗ ಅಕ್ಕ, ತಾನು ಮಾತಾಡುತ್ತೇನೆಂದು ತನಗೇ ಗೊತ್ತಾಗುವ ಮೊದಲೇ, ಮಾತಾಡಿಬಿಟ್ಟಳು.

"ಮದುವೆ ದಿನ ಹುಡುಗಿ ಹೋದ್ಳು ಅಂತ ನಮ್ಮಮ್ಮ ಅತ್ರು. ಹುಡುಗಿ ಬಂದ್ಳು ಅಂತ ಇಲ್ಲಿ ಅತ್ತೆ ನಕ್ಕರು. ನಾನೇನು ಎರಡು ಸಲ ಬಸ್ ಹತ್ತಿದ್ನಾ? ಒಂದೇ ಬಸ್ಸು, ಒಂದೇ ಟಿಕೆಟ್ಟು."

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಗಂಡ ನಗಬಾರದೆಂದು ಬಾಯ್ಲರಿನ ಮಾಪಕವನ್ನು ನೋಡುತ್ತಾ ನಿಂತ. ನಾನೆಲ್ಲಿ ನಕ್ಕೆ, ನಿನ್ನ ಸೀರೆ ಬಣ್ಣವೇ ಹೊಂದುತ್ತಿರಲಿಲ್ಲ ಎಂದು ಅತ್ತೆ ಮೆಟ್ಟಿಲ ಮೇಲಿಂದಲೇ ತಿದ್ದಿದರು.

ಅಕ್ಕ ಕಂಪ್ಯೂಟರಿನ ಮುಂದೆ ಕೂತು 'ಹೋಗುವುದು', 'ಬರುವುದು' ಎರಡನ್ನೂ ಅಳಿಸಿದಳು. ಬಿಸಿಯ ಗೆರೆಗೆ ಕೆಂಪು, ತಣ್ಣನೆಯದಕ್ಕೆ ನೀಲಿ, ಎರಡಕ್ಕೂ ನೀರು ಹರಿಯುವ ದಿಕ್ಕಿಗೆ ಬಾಣ. ಮೇಲೆ ನಿಂತು ನೋಡಿದರೂ ಕೆಳಗೆ ನಿಂತು ನೋಡಿದರೂ ಬಾಣದ ಮೂತಿ ಒಂದೇ ಕಡೆ. ಗಂಡನ ಸಾಫ್ಟ್‌ವೇರಿನಲ್ಲೂ ಬಾಣ ಇತ್ತು, ಆದರೆ ಅದು ಯಾವ ಗುಂಡಿಯ ಹೊಟ್ಟೆಯಲ್ಲಿದೆ ಎಂದು ಅವನಿಗೂ ಸಿಗಲಿಲ್ಲ. ತಮ್ಮನದರಲ್ಲಿ ಮನೆ ತಿರುಗಿದರೆ ಬಾಣವೂ ತಿರುಗುತ್ತಿತ್ತು.

ವಾಲ್ವನ್ನು ಬಿಚ್ಚಿ ಇನ್ನೊಂದು ತುದಿಗೆ ಹಾಕಬೇಕಿತ್ತು. ಅದಕ್ಕೆ ಕೆಳಗೊಬ್ಬ ನೀರು ಬಂದ್ ಮಾಡಬೇಕು, ಮೇಲೊಬ್ಬ ಬಕೆಟ್ ಹಿಡಿಯಬೇಕು, ಇಬ್ಬರೂ ಕೂಗಲೇಬೇಕು. ಕೂಗಿದರು.

"ಆಯ್ತೇನಯ್ಯಾ?"

"ಒಂದ್ನಿಮಿಷ ತಡೀರಿ ಭಾವ, ಬಕೆಟ್ ತುಂಬ್ತು."

ಸದ್ದು ನಿಂತಿತು. ಕೋಣೆ ಬೆಚ್ಚಗಾಯಿತು. ಮರುದಿನ ಕಟ್ಟಡದವರಿಗೆ ಹೋದ ನಕ್ಷೆ ಚೌಕುಳಿ ಹಾಳೆಯ ಮೇಲಿನದೇ, ಕೆಂಪು ಗೆರೆಗಳನ್ನು ಭಾವ ಎಳೆದಿದ್ದ, ನೀಲಿ ಗೆರೆಗಳನ್ನು ಮೈದುನ. ಸದ್ಯಕ್ಕೆ ಇದೇ ಇರಲಿ ಎಂದು ಇಬ್ಬರೂ ಅಂದರು. ಸದ್ಯಕ್ಕೆ ಎಂಬುದನ್ನು ಇಬ್ಬರೂ ಒತ್ತಿ ಹೇಳಿದರು.

ಮಳಿಗೆಯ ಮಾತನ್ನು ತಮ್ಮ ಮತ್ತೆ ಎತ್ತಲಿಲ್ಲ. ಕೆಲವು ದಿನಗಳ ಮೇಲೆ ಅಲ್ಲಿ ಯಾರೋ ಕನ್ನಡಕದಂಗಡಿ ತೆರೆದರು. ತಮ್ಮ ಬೇಡವೆಂದಿದ್ದಕ್ಕೆ ಅದು ಅವರಿಗೆ ಸಿಕ್ಕಿತೋ, ಅವರಿಗೆ ಮೊದಲೇ ಕೊಟ್ಟುಬಿಟ್ಟಿದ್ದರಿಂದ ತಮ್ಮ ಉಳಿದನೋ, ಅಕ್ಕ ಕೇಳಲಿಲ್ಲ. ಅದು ಅವಳಿಗೂ ಗೊತ್ತಿಲ್ಲ, ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.