ಮೂರನೆಯ ತಲೆಯ ರಿಯಾಯಿತಿ

ನಮ್ಮ ಕಾರಿನಲ್ಲಿ ಮುಂದಿನ ಸೀಟು ಅತ್ತೆಯದು. ಯಾವ ಕಾನೂನಿನಲ್ಲೂ ಹಾಗೆ ಬರೆದಿಲ್ಲ, ಆದರೆ ಕಾನೂನಿಗಿಂತ ಗಟ್ಟಿಯಾಗಿ ನಡೆಯುತ್ತಿತ್ತು. ಕಾರು ಓಡಿಸಲು ನನ್ನ ಗಂಡ, ಪಕ್ಕದಲ್ಲಿ ಅವರ ತಾಯಿ, ಹಿಂದೆ ನಾನು ಮತ್ತು ನನ್ನ ಹಲ್ಲಿನ ಡಬ್ಬಿಗಳು. ನಾನು ಹಲ್ಲಿನ ಸೆಟ್ ಮಾಡುವವಳು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಗಾದೆಯ ಅರ್ಧವನ್ನು ಸುಳ್ಳು ಮಾಡುವುದು ನನ್ನ ಕಸುಬು.

ಮನೆ ನದಿಯ ಈಚೆ, ಕೆಲಸ ಆಚೆ. ನಡುವೆ ಮೂರು ಕಿಲೋಮೀಟರ್ ಉದ್ದದ ಸೇತುವೆ, ಅದರ ಬಾಯಲ್ಲಿ ಟೋಲ್. ಹೋದ ವರ್ಷ ಟೋಲನ್ನು ಏಕಾಏಕಿ ಇಮ್ಮಡಿ ಮಾಡಿದರು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ ಸ್ವಭಾವತಃ ಶಾಂತ ಮನುಷ್ಯ. ಮೂರನೇ ಮಹಡಿಯಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡರೂ ಒಳಗಿದ್ದವರಿಗೆ ಹೊರಗಿನಿಂದ ಕಥೆ ಹೇಳುತ್ತಾ ಕೆಲಸ ಮಾಡುತ್ತಾರೆ. ಅವರೂ ಆ ತಿಂಗಳ ಬಿಲ್ಲು ನೋಡಿ ಊಟ ಬಿಟ್ಟು ಎದ್ದರು. ಟೋಲಿನ ಹತ್ತಿರದ ಬೋರ್ಡಿನಲ್ಲಿ ಒಂದು ದಾರಿ ಮಾತ್ರ ಇತ್ತು: ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಕಾರಿನಲ್ಲಿ ಮೂವರಿದ್ದರೆ ಅರ್ಧ ಟೋಲ್.

ನಾವಿದ್ದದ್ದು ಇಬ್ಬರು. ಒಂದು ದಿಂಬಿಗೆ ನನ್ನ ಕೋಟು ತೊಡಿಸಿ, ಟೋಪಿ ಇಟ್ಟು ಕೂರಿಸೋಣವೇ ಅಂತ ನನ್ನ ಗಂಡ ಗಂಭೀರವಾಗಿ ಕೇಳಿದರು. "ಟೋಲಿನವನು ಮಾತಾಡಿಸಿದ್ರೆ ದಿಂಬು ಉತ್ತರ ಕೊಡುತ್ತಾ?" ಅಂದೆ. ಆಗ ಒಳಗಿನಿಂದ ಅತ್ತೆಯ ದನಿ ಬಂತು.

"ದಿಂಬು ಯಾಕೆ? ನಾನಿಲ್ವಾ?"

ಅತ್ತೆ ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಕೆಲಸ ಮಾಡಿದವರು. ಜನ ಕಳಿಸಿದ ಅರ್ಜಿಗಳಲ್ಲಿ ತಪ್ಪು ಹುಡುಕುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾಗಿ, ಮಾವ ತೀರಿಕೊಂಡು, ನಮ್ಮ ಜೊತೆ ಇರಲು ಬಂದ ಮೇಲೆ ಅರ್ಜಿಗಳು ಇರಲಿಲ್ಲ, ನಾನಿದ್ದೆ. ಪಾತ್ರೆ ತೊಳೆದರೆ ಅಂಚಿನಲ್ಲಿ ಸೋಪು, ಬಟ್ಟೆ ಮಡಿಸಿದರೆ ತೋಳು ಒಳಗೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಒಂದು ಕೆಲಸವನ್ನೂ ಅವರು ಸುಮ್ಮನೆ ಬಿಟ್ಟಿದ್ದಿಲ್ಲ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ನಡುವೆ ಸಿಕ್ಕ ನನ್ನ ಗಂಡನ ತಲೆ ಮಾತ್ರ ಚೆನ್ನಾಗಿ ತೊಳೆದುಹೋಗಿತ್ತು.

ಹೀಗೆ ಅತ್ತೆ ನಮ್ಮ ಮೂರನೆಯ ತಲೆಯಾದರು. ಬೆಳಿಗ್ಗೆ ಆರೂವರೆಗೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಕಿಟಕಿ ಇಳಿಸಬಾರದು, ರೇಡಿಯೋ ಹಾಕಬಾರದು. ನಾನು ಏನಾದರೂ ಅಂದರೆ, "ನಿಮ್ಮ ದುಡ್ಡು ಉಳೀಲಿ ಅಂತ ಬರ್ತಿರೋದು. ಸುಮ್ಮನೆ ಊರು ಸುತ್ತೋಕೆ ನನಗೇನು ಹುಚ್ಚಾ? ಬೇಡ ಅಂದ್ರೆ ಇಲ್ಲೇ ಇಳಿಸಿಬಿಡಿ" ಅನ್ನುತ್ತಿದ್ದರು. ಸೇತುವೆಯ ನಟ್ಟನಡುವೆ.

ಆಚೆ ದಡದಲ್ಲಿ ನನ್ನ ಲ್ಯಾಬು ಮೊದಲ ಮಹಡಿಯಲ್ಲಿ, ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್. ಮೊಣಕಾಲು ನೋವಿನಿಂದ ಅತ್ತೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಂಜೆಯವರೆಗೆ ಕೆಳಗೆ, ರೋಗಿಗಳು ಕಾಯುವ ಕೋಣೆಯಲ್ಲಿ ಕೂರುತ್ತಿದ್ದರು. ನನ್ನ ಗಂಡನಿಗೆ ಅದೇ ಸಂಕಟ. "ಪಾಪ, ನಮಗೋಸ್ಕರ ಅಮ್ಮ ದಿನಾ ಎಂಟು ಗಂಟೆ ಮರದ ಬೆಂಚಿನ ಮೇಲೆ ಕೂರ್ತಾಳೆ. ಬೇರೆ ಯಾವುದಾದ್ರೂ ರಿಯಾಯಿತಿ ಸಿಗ್ಲಿ, ಆ ದಿನಾನೇ ಮನೇಲಿ ಆರಾಮಾಗಿ ಕೂರಿಸ್ತೀನಿ" ಎಂದು ವಾರಕ್ಕೆರಡು ಸಲ ಹೇಳುತ್ತಿದ್ದರು. ಅವರಿಗೆ ತಾಯಿಯ ಮೊಣಕಾಲಿನ ಚಿಂತೆ, ನನಗೆ ಮುಂದಿನ ಸೀಟಿನ ಚಿಂತೆ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಟೋಲ್ ಆಫೀಸಿಗೆ ಹೋದೆ. ಅದು ಕ್ಲಿನಿಕ್ಕಿನಿಂದ ನಾಲ್ಕು ಕಟ್ಟಡ ಆಚೆ. ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಟ್ಯಾಗಿನ ನಂಬರು ಒತ್ತಿ ಪರದೆ ನೋಡಿದಳು.

"ಮೂವರು ಇಲ್ದೆ ಬೇರೆ ಯಾವ ರಿಯಾಯಿತಿ ಸಿಗುತ್ತೆ?" ಎಂದು ಕೇಳಿದೆ.

"ತಿಂಗಳಿಗೆ ಇಪ್ಪತ್ತು ದಿನ ದಾಟಿದ್ರೆ ದಿನಬಳಕೆ ರಿಯಾಯಿತಿ ಇದೆ ಮೇಡಂ. ಮೂರರಲ್ಲಿ ಒಂದು ಪಾಲು ಕಟ್ಟಿದ್ರೆ ಸಾಕು. ಅರ್ಧಕ್ಕಿಂತ ಕಡಿಮೆ ಆಯ್ತಲ್ಲ. ಕಾರಲ್ಲಿ ಒಬ್ರೇ ಇದ್ರೂ ಪರವಾಗಿಲ್ಲ. ಆದ್ರೆ ಒಂದು ಕಾರಿಗೆ ಒಂದೇ ರಿಯಾಯಿತಿ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಈಗಲೇ ಬರ್ಕೊಳ್ಳಿ" ಅಂದೆ.

"ಬರ್ಕೊಳ್ಳೋದೇನು, ಐದು ತಿಂಗಳಿಂದ ನಿಮಗೆ ಅದೇ ನಡೀತಿದೆಯಲ್ಲ." ಆಕೆ ಕಡತದಿಂದ ಒಂದು ಅರ್ಜಿ ತೆಗೆದು ತೋರಿಸಿದಳು. "ನಿಮ್ಮ ಮನೆಯವರೇ ಬಂದು ಕೊಟ್ಟಿದ್ದು. ಇಷ್ಟು ಚೆನ್ನಾಗಿ ತುಂಬಿದ ಫಾರಂ ಈ ಆಫೀಸಿಗೆ ಇನ್ನೊಂದು ಬಂದಿಲ್ಲ ಮೇಡಂ."

ಮುತ್ತು ಪೋಣಿಸಿದಂಥ ಅಕ್ಷರ. ಅತ್ತೆಯದು.

ಐದು ತಿಂಗಳ ಹಿಂದೆ ಬಿಲ್ಲು ಇನ್ನಷ್ಟು ಇಳಿದಿತ್ತು. "ನೋಡಿದ್ಯಾ, ಅಮ್ಮನ ತಲೆಯ ಬೆಲೆ" ಎಂದು ನನ್ನ ಗಂಡ ಬೀಗಿದ್ದರು. ಬಿಲ್ಲಿನಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತಿತ್ತು, ಜೊತೆಗೆ ಬರುವ ಸಣ್ಣ ಅಕ್ಷರದ ಹಾಳೆಯನ್ನು ಅತ್ತೆ ಬಿಟ್ಟು ಯಾರೂ ಓದುತ್ತಿರಲಿಲ್ಲ. ಅಂದರೆ ನಮ್ಮ ಹಣ ಪೋಲಾಗುವುದನ್ನು ಅವರ ಆತ್ಮ ಸಹಿಸಲಿಲ್ಲ, ತಾವೇ ಅರ್ಜಿ ಕೊಟ್ಟರು. ತಾವಿನ್ನು ಬೇಕಿಲ್ಲ ಅನ್ನುವುದನ್ನು ಮಾತ್ರ ನುಂಗಿಕೊಂಡು, ಐದು ತಿಂಗಳು ನನ್ನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತಿದ್ದರು.

"ಈ ತಿಂಗಳಿಂದ ಯಾವ ರಿಯಾಯಿತಿ ಅಂತ ಬಿಲ್ಲಲ್ಲೇ ದಪ್ಪ ಅಕ್ಷರದಲ್ಲಿ ಬರುತ್ತೆ. ಎಲ್ಲರಿಗೂ ಅನುಕೂಲ" ಎಂದಳು ಆಕೆ.

ಸಿಕ್ಕಿಬಿದ್ದಿರಲ್ಲ ಅತ್ತೆ, ಅಂದುಕೊಳ್ಳುತ್ತಾ ಕ್ಲಿನಿಕ್ಕಿಗೆ ಹೆಚ್ಚುಕಡಿಮೆ ಓಡಿದೆ. ಏನೇನು ಅನ್ನಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಹನ್ನೊಂದು ವರ್ಷದ ಬಾಕಿ ಅದು.

ದಿನವೂ ಹಿಂದಿನ ಬಾಗಿಲಿನಿಂದ ನೇರ ಲ್ಯಾಬಿಗೆ ಹತ್ತುವ ನಾನು ಆ ಹೊತ್ತಿನಲ್ಲಿ ಕಾಯುವ ಕೋಣೆಗೆ ಬಂದದ್ದು ಅದೇ ಮೊದಲು. ಅತ್ತೆ ಬೆಂಚಿನ ಮೇಲಿರಲಿಲ್ಲ. ಮೂಲೆಯಲ್ಲಿ ಒಂದು ಮೇಜು, ಕುರ್ಚಿ, ಅದರಲ್ಲಿ ಅತ್ತೆ. ಎದುರಿಗೆ ವಿಮೆಯ ಕಾಗದ ಹಿಡಿದ ಐದಾರು ಜನ. ಬೊಚ್ಚು ಬಾಯಿಯ ಒಬ್ಬ ಮುದುಕರು, ಹಿಂದೆ ಬಸ್ಸು ಓಡಿಸುತ್ತಿದ್ದವರಂತೆ, ಕೈಕಟ್ಟಿ ಕೂತಿದ್ದರು.

"ಹಲ್ಲು ಯಾವಾಗ ಬಿತ್ತು ಅನ್ನೋ ಕಡೆ 'ಒಂದೊಂದಾಗಿ' ಅಂತ ಬರೆದಿದ್ದೀರಲ್ಲ ಯಜಮಾನ್ರೇ, ಇದಕ್ಕೆ ಯಾರು ದುಡ್ಡು ಕೊಡ್ತಾರೆ?" ಅತ್ತೆ ಕೇಳಿದರು.

"ಮತ್ತೆ ಬ್ರೇಕ್ ಹಾಕಿದ ತಕ್ಷಣ ಒಟ್ಟಿಗೆ ಬೀಳೋಕೆ ಅವೇನು ಪ್ಯಾಸೆಂಜರ್‌ಗಳಾ ಫಾರಮ್ಮ?"

ಕೋಣೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರ ಬಾಯಲ್ಲಿ ಇಷ್ಟು ಹಲ್ಲಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ, ನನ್ನ ಕಸುಬೇ ಹಲ್ಲಿನದಾದರೂ. "ಫಾರಂ ತುಂಬಿಸ್ತಾರಲ್ಲ, ಅದಕ್ಕೇ ಫಾರಮ್ಮ. ಅವರು ಬಂದ ಮೇಲೆ ನಮ್ಮ ಒಂದು ಅರ್ಜಿಯೂ ವಾಪಸ್ ಬಂದಿಲ್ಲ" ಎಂದು ಡಾಕ್ಟರ ಸಹಾಯಕಿ ನನ್ನ ಕಿವಿಯಲ್ಲಿ ಹೇಳಿದಳು.

ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ. ಆ ಸಂಜೆಯವರೆಗೆ ಒಂದೇ ಯೋಚನೆ. ಬಿಲ್ಲಿನಲ್ಲಿ ದಪ್ಪ ಅಕ್ಷರ ಬಂದರೆ ನನ್ನ ಗಂಡ ಪ್ರೀತಿಯಿಂದಲೇ ತಾಯಿಯನ್ನು ಮನೆಯಲ್ಲಿ ಕೂರಿಸುತ್ತಾರೆ, ಕಾಲ ಕೆಳಗೆ ದಿಂಬು ಬೇರೆ ಇಡುತ್ತಾರೆ. 'ನಾನು ಹೋಗಬೇಕು' ಅಂತ ಬಾಯಿಬಿಟ್ಟು ಕೇಳುವ ಪೈಕಿಯವರಲ್ಲ ಅತ್ತೆ. ಬಿಗುಮಾನ ಬಿಡುವ ಬದಲು ಮೊಣಕಾಲನ್ನೇ ಬಿಟ್ಟಾರು. ಅವರ ಬಗ್ಗೆ ನನಗೆ ಮೊದಲ ಸಲ 'ಪಾಪ' ಅನ್ನಿಸಿತು.

ಮರುದಿನ ಮತ್ತೆ ಕೌಂಟರಿಗೆ ಹೋದೆ. ದಿನಬಳಕೆ ತೆಗೆದು ಮೂವರ ರಿಯಾಯಿತಿಗೇ ಹಾಕಿ ಅಂದೆ.

"ಇದ್ರಲ್ಲಿ ನಿಮಗೆ ನಷ್ಟ ಮೇಡಂ. ಅರ್ಧ ಕಟ್ಟಬೇಕಾಗುತ್ತೆ."

"ಗೊತ್ತು."

"ಎಲ್ಲರೂ ಕಡಿಮೆ ಮಾಡಿ ಅಂತ ಬರ್ತಾರೆ" ಎಂದು ಗೊಣಗುತ್ತಾ ಆಕೆ ಮುದ್ರೆ ಒತ್ತಿದಳು.

ತಿಂಗಳ ಕೊನೆಗೆ ಬಿಲ್ಲು ಬಂತು. ಎಂದಿನಂತೆ ಮೊದಲು ಅತ್ತೆಯ ಕೈಗೆ. 'ಮೂವರ ರಿಯಾಯಿತಿ' ಎಂದು ನಿಜವಾಗಿಯೂ ದಪ್ಪ ಅಕ್ಷರದಲ್ಲೇ ಇತ್ತು. ಅತ್ತೆ ಒಂದು ಸಲ ಓದಿದರು, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. ನಾನು ಅಡುಗೆಮನೆಗೆ ಜಾರಿಕೊಂಡೆ. ಅವರೂ ಹಿಂದೆಯೇ ಬಂದರು.

"ಯಾರು ಮಾಡಿದ್ದು ಇದು? ನಿನಗೆ ಲೆಕ್ಕ ಬರಲ್ವಾ? ತಿಂಗಳಿಗೆ ಎಷ್ಟು ಹೆಚ್ಚು ಬೀಳುತ್ತೆ ಗೊತ್ತಾ?"

"ಹೆಚ್ಚು ಬೀಳುತ್ತೆ ಅಂತ ನಿಮಗೆ ಹೇಗೆ ಗೊತ್ತು ಅತ್ತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅತ್ತೆ ನಾನು ಬಿಟ್ಟಿದ್ದ ನಲ್ಲಿ ನಿಲ್ಲಿಸಿದರು, ಮತ್ತೆ ಬಿಟ್ಟರು, ಮತ್ತೆ ನಿಲ್ಲಿಸಿದರು.

"ನಿಮ್ಮ ಫಾರಂ ನೋಡಿದೆ. ನಿಮ್ಮ ಮೇಜೂ ನೋಡಿದೆ" ಅಂದೆ.

"ಮನೇಲಿ ನನ್ನ ಯಾರೂ ಏನೂ ಕೇಳಲ್ಲ ಕಣೇ" ಎಂದರು ಅತ್ತೆ, ನಲ್ಲಿಯನ್ನೇ ನೋಡುತ್ತಾ. "ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಕೇಳ್ತಾರೆ. ಅಲ್ಲಿಗೆ ಹೋಗದೆ ನನಗೆ ಇರೋಕಾಗಲ್ಲ."

"ಹಾಗಾದ್ರೆ ಅದನ್ನ ನಿಮ್ಮ ಮಗನಿಗೆ ಹೇಳಿ. ನೀವು ಬಾಯಿಬಿಟ್ಟು ಹೇಳಿದ ದಿನ ಅಗ್ಗದ ರಿಯಾಯಿತಿಗೆ ವಾಪಸ್ ಹೋಗೋಣ. ಅಲ್ಲೀವರೆಗೆ ಹೀಗೇ ಹೆಚ್ಚಿಗೆ ಕಟ್ಟೋಣ. ನನಗೇನೂ ಅವಸರ ಇಲ್ಲ."

ವಿಮಾ ಕಂಪನಿಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅನ್ನುವುದು ನನಗೆ ಗೊತ್ತಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ಹಾಲಿಗೆ ನಡೆದರು.

"ಲೋ, ಇಲ್ಲಿ ಕೇಳು. ನಾಳೆಯಿಂದ ನಾನು ನಿಮ್ಮ ಟೋಲಿಗೋಸ್ಕರ ಬರಲ್ಲ."

"ಅದನ್ನೇ ನಾನೂ ಹೇಳ್ತಿದ್ದೆ ಅಮ್ಮ. ಆ ಮೊಣಕಾಲು ಇಟ್ಕೊಂಡು—"

"ಮೊಣಕಾಲು ನಂದು, ನಿಂದಲ್ಲ. ಟೋಲಿಗೋಸ್ಕರ ಬರಲ್ಲ ಅಂದೆ. ಬರಲ್ಲ ಅಂತ ಎಲ್ಲಿ ಅಂದೆ? ನನಗೆ ಅಲ್ಲಿ ಕೆಲಸ ಇದೆ. ನನಗೆ ಇಷ್ಟ, ಅದಕ್ಕೆ ಬರ್ತೀನಿ."

ನನ್ನ ಗಂಡ ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ನಾವಿಬ್ಬರೂ ಒಂದೇ ಕಡೆ ನಿಂತಿರುವುದನ್ನು ಕಂಡು ಅವರಿಗೆ ನಿಜಕ್ಕೂ ಭಯವಾಗಿರಬೇಕು. "ಆಯ್ತಮ್ಮ" ಎಂದರು.

ನಾನು ತಂದಿಟ್ಟಿದ್ದ ಖಾಲಿ ಫಾರಂ ಮೇಜಿನ ಮೇಲೆ ಹರಡಿದೆ. ಅತ್ತೆ ಪೆನ್ನು ತೆಗೆದು ಒಂದೊಂದೇ ಖಾನೆ ತುಂಬಿದರು. ಕೊನೆಯಲ್ಲಿ 'ಬದಲಾವಣೆಗೆ ಕಾರಣ' ಅನ್ನುವ ಜಾಗದಲ್ಲಿ ಸ್ವಲ್ಪ ಹೊತ್ತು ಯೋಚಿಸಿ ಬರೆದರು: 'ಮೂರನೆಯವರು ಇನ್ನು ಮುಂದೆ ಸ್ವಂತ ಇಷ್ಟದಿಂದ ಬರುತ್ತಾರೆ.'

ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ತಪ್ಪೇನಾದ್ರೂ ಇದೆಯಾ ನೋಡು" ಎಂದರು.

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಕಣ್ಣು ಮಂಜಾಗಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಆದರೂ ಪೂರ್ತಿ ಓದಿದವಳಂತೆ ತಲೆಯಾಡಿಸಿದೆ.

"ಸರಿಯಾಗಿದೆ ಅತ್ತೆ" ಅಂದೆ.