ಗಂಡನ ತಾಟಿನ ಪಥ್ಯ

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರು ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಮೊದಲು ಅಣವೀರಪ್ಪನ ಕೈ ಕುಲುಕಿದರು. ಆರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದಾನೆ, ಸಕ್ಕರೆ ಹತೋಟಿಗೆ ಬಂದಿದೆ, ಲಿವರಿನ ಕೊಬ್ಬು ಕರಗುತ್ತಿದೆ. ಆಮೇಲೆ ಮುಖ ಗಂಟು ಹಾಕಿಕೊಂಡು ಅವನ ಹೆಂಡತಿ ವಿದ್ಯಾವತಿಯ ಕಡೆ ತಿರುಗಿದರು. ಇಬ್ಬರಿಗೂ ಒಂದೇ ದಿನ ಒಂದೇ ಕಾಯಿಲೆ ಹೇಳಿದ್ದೆ, ಒಂದೇ ಚೀಟಿ ಕೊಟ್ಟಿದ್ದೆ, ನಿಮ್ಮದು ಮಾತ್ರ ಏರಿದೆ ಎಂದರು. ಹೀಗೇ ನಡೆದರೆ ಲಿವರು ಗಟ್ಟಿಯಾಗುತ್ತದೆ, ಆಗ ನನ್ನ ಕೈಯಲ್ಲೂ ಏನೂ ಇರುವುದಿಲ್ಲ ಎಂದು ಹೆದರಿಸಿದರು. ಕೊನೆಗೆ, ಯಜಮಾನರನ್ನು ನೋಡಿ ಕಲಿಯಿರಿ, ಸ್ವಲ್ಪ ಬಾಯಿ ಕಟ್ಟಿ ಎಂದರು.

ವಿದ್ಯಾವತಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಕಟ್ಟಬೇಕಂತೆ! ಮದುವೆಯಾಗಿ ಇಪ್ಪತ್ತಾರು ವರ್ಷ ಅವಳು ಮಾಡಿದ್ದಾದರೂ ಇನ್ನೇನು?

ಕಮಲಾಪುರದ ಅವರ ಮನೆಯಲ್ಲಿ ಪಥ್ಯ ನಡೆದ ಚೆಂದವನ್ನು ಆ ಡಾಕ್ಟರು ಒಮ್ಮೆ ಬಂದು ನೋಡಬೇಕಿತ್ತು. ಅಣವೀರಪ್ಪನದು ಬೀಜ, ಗೊಬ್ಬರದ ಅಂಗಡಿ. ದುಡಿದು ಬಂದ ಗಂಡಸಿನ ಮುಂದೆ ಅರ್ಧ ತಾಟು ಇಡುವುದು ಮನೆಗೆ ಒಳ್ಳೆಯದಲ್ಲ ಎಂಬುದು ಅವನ ತಾಯಿ ಜಯದೇವಿಯ ಹಟ. ಹಾಗಾಗಿ ಡಾಕ್ಟರು ಹೇಳಿದ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೌತೆಕಾಯಿಯ ಪಕ್ಕದಲ್ಲಿ ಎಂದಿನಂತೆ ಅನ್ನದ ಗುಡ್ಡೆ, ಅದರ ಮೇಲೆ ತುಪ್ಪ, ಹಬ್ಬವಾದರೆ ಹೋಳಿಗೆ. ಎಲ್ಲವನ್ನೂ ಆ ಮುದುಕಿ ತಾನೇ ಬಡಿಸುತ್ತಿದ್ದಳು. ಮಗ ರೊಟ್ಟಿ ಪಲ್ಯ ತಿಂದು, ಅನ್ನವನ್ನು ಮುಟ್ಟದೆ, ಸಾಕು ಎಂದು ಏಳುತ್ತಿದ್ದ. ಏಳುವಾಗ ತಾಟನ್ನು ಹೆಂಡತಿಯ ಕಡೆ ಸರಿಸುತ್ತಿದ್ದ. ಗಂಡನ ತಾಟಿನಲ್ಲಿ ಉಣ್ಣುವುದು ಆ ಮನೆಯಲ್ಲಿ ಹಿಂದಿನಿಂದ ಬಂದದ್ದು. ಅಲ್ಲಿ ಅನ್ನವೆಂದರೆ ಪ್ರಸಾದ, ಉಂಡ ತಾಟನ್ನು ತೊಳೆದ ನೀರನ್ನೂ ಚೆಲ್ಲದೆ ಕುಡಿಯುವವರು. ಪ್ರಸಾದ ಕೆಡಿಸದ ಪುಣ್ಯವೆಲ್ಲ ಅಣವೀರಪ್ಪನಿಗೆ, ಹೊಟ್ಟೆ ಮಾತ್ರ ವಿದ್ಯಾವತಿಯದು.

ಅಂಗಡಿಗೆ ಬಂದವರಿಗೆಲ್ಲ ಅವನು ತನ್ನ ಸಂಯಮದ ಕಥೆ ಹೇಳುತ್ತಿದ್ದ. ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಒಂದು ತಾಸು ನಡೆದು ಬರುತ್ತಿದ್ದ. ಆ ಒಂದು ತಾಸು ವಿದ್ಯಾವತಿ ಒಲೆಯ ಮುಂದೆ ಅವನ ರೊಟ್ಟಿ ಬಡಿಯುತ್ತಿದ್ದಳು. ತಾನೂ ನಡೆಯಲು ಹೋಗುತ್ತೇನೆ ಎಂದು ಒಮ್ಮೆ ಅಂದಾಗ, ದಿನವಿಡೀ ಮನೆಯಲ್ಲಿ ಓಡಾಡುತ್ತೀಯಲ್ಲ, ಅದು ಸಾಲದೇ ಎಂದು ಅವನು ನಕ್ಕಿದ್ದ. ಡಾಕ್ಟರು ನೋಡಿದರೆ ಈಗ, ಮನೆಗೆಲಸ ವ್ಯಾಯಾಮವಲ್ಲ ಎನ್ನುತ್ತಿದ್ದರು.

ಅವಳು ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಸರ, ಇವರು ಅನ್ನ ಬಿಟ್ಟಾರಂತ ಶಾಬಾಸ್ ಅಂದ್ರಿ. ಆ ಅನ್ನ ಎಲ್ಲಿ ಹೋತು ಅಂತ ಕೇಳಲಿಲ್ಲ. ನನ್ನ ಹೊಟ್ಯಾಗ ಹೋತ್ರಿ. ಇವರ ತಾಟಿನ್ಯಾಗ ಉಳದದ್ದೆಲ್ಲ ಆರು ತಿಂಗಳ ನಾ ಉಂಡೀನಿ.”

ಅಣವೀರಪ್ಪನ ಕಿವಿ ಕೆಂಪಾದವು. ಮನೆಯ ಮಾತು ಇಲ್ಲಿ ಯಾಕೆ ಎಂದು ಹಲ್ಲು ಕಚ್ಚಿ ಗೊಣಗಿದ. ಡಾಕ್ಟರು ಗಡಿಯಾರ ನೋಡಿ, ಊಟದ ವಿಷಯ ಏನಿದ್ದರೂ ಪಕ್ಕದ ಕೋಣೆಯಲ್ಲಿ ಹೇಳಿ ಎಂದು ಇಬ್ಬರನ್ನೂ ಸಾಗಹಾಕಿದರು.

ಪಕ್ಕದ ಕೋಣೆಯಲ್ಲಿದ್ದ ಡಯಟಿಷಿಯನ್ ಮೆಹರೀನ್ ಇನ್ನೂ ಚಿಕ್ಕ ವಯಸ್ಸಿನವಳು. ನಿನ್ನೆ ಏನೇನು ಉಂಡಿರಿ, ಯಾವಾಗ ಉಂಡಿರಿ ಎಂದು ವಿದ್ಯಾವತಿಯನ್ನು ಕೇಳಿದಳು. ಆರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಬರೆದುಕೊಳ್ಳುತ್ತ ಹೋದವಳು ನಡುವೆ ಪೆನ್ನು ನಿಲ್ಲಿಸಿ ಅಣವೀರಪ್ಪನನ್ನು ದಿಟ್ಟಿಸಿ ನೋಡಿದಳು. ಇನ್ನು ಮೇಲೆ ಸಂಜೆ ಏಳು ಗಂಟೆಗೆ ಊಟ, ಬೇರೆ ತಾಟು, ಅರ್ಧ ತಾಟು ತರಕಾರಿ, ಬೇಳೆಯೋ ಕಾಳೋ ಒಂದು ಬಟ್ಟಲು, ಎರಡೇ ರೊಟ್ಟಿ, ದಿನಕ್ಕೆ ನಲವತ್ತು ನಿಮಿಷ ಬಿರುಸಿನ ನಡಿಗೆ. ಎಲ್ಲವನ್ನೂ ಬಾಯಲ್ಲಿ ಹೇಳುತ್ತಲೇ ಬರೆದಳು, ಆದರೆ ಚೀಟಿಯನ್ನು ವಿದ್ಯಾವತಿಗೆ ಕೊಡಲಿಲ್ಲ.

“ಅಣ್ಣಾರ, ಇದು ಅಕ್ಕಾರ ಚೀಟಿ. ಆದ್ರ ನಿಮ್ಮ ಕೈಯಾಗ ಕೊಡ್ತೀನ್ರಿ.”

ಅವನು ಅದನ್ನು ಓದದೆ ಮಡಚಿ ಜೇಬಿಗೆ ತುರುಕಿದ. ಕಮಲಾಪುರದಲ್ಲಿ ಬಸ್ಸಿಳಿದವನೇ ಅಂಗಡಿಗೆ ನಡೆದುಬಿಟ್ಟ.

ಆ ಸಂಜೆ ಏಳು ಗಂಟೆಗೆ ವಿದ್ಯಾವತಿ ತನ್ನ ತಾಟು ಹಾಕಿಕೊಂಡು ಗಂಡನ ಎದುರಿಗೇ ಕುಳಿತಳು. ಗಂಡ ಉಂಡು ಏಳುವ ಮೊದಲೇ ಕೂರುವುದುಂಟೇ ಎಂದು ಜಯದೇವಿ ಕೇಳಿದಳು. ಸೊಸೆ ರೊಟ್ಟಿ ಮುರಿದಳು. ಅಣವೀರಪ್ಪ ಎಂದಿನಂತೆ ಅನ್ನ ಉಳಿಸಿ, ತಾಟು ಸರಿಸಿ ಎದ್ದ.

“ಪ್ರಸಾದ ಅದರಿ. ಕುಂತು ಉಣ್ರಿ,” ಎಂದಳು ವಿದ್ಯಾವತಿ.

ಅವನು ತಾಯಿಯ ಮುಖ ನೋಡಿದ. ಪ್ರಸಾದ ಚೆಲ್ಲು ಎಂದು ಜಯದೇವಿ ಹೇಗೆ ಹೇಳಿಯಾಳು? ಆಕೆ ಸೆರಗು ಸರಿಮಾಡಿಕೊಂಡು ಗೋಡೆ ನೋಡಿದಳು. ವಿದ್ಯಾವತಿಗೆ ಅಯ್ಯೋ ಅನ್ನಿಸಲಿಲ್ಲ, ಒಂದು ಚೂರೂ ಅನ್ನಿಸಲಿಲ್ಲ. ತನ್ನ ತಾಟು ತೊಳೆದು ಆ ನೀರು ಕುಡಿದು, ಚಪ್ಪಲಿ ಮೆಟ್ಟಿ, ಹುಮನಾಬಾದ ರಸ್ತೆಯ ಕಡೆ ಬಿರುಸಾಗಿ ನಡೆದಳು. ಕಟ್ಟೆಯ ಮೇಲೆ ಕುಳಿತವರು ಈ ಹೊತ್ತಿನಲ್ಲಿ ಎಲ್ಲಿಗೆ ಎಂದು ವಿಚಾರಿಸಿದರು. ನಡೆಯಲು ಎಂದಳು. ವಾಪಸು ಬಂದಾಗ ಗಂಡ ತುಪ್ಪದ ಅನ್ನದ ಕೊನೆಯ ತುತ್ತನ್ನು ಔಷಧಿ ನುಂಗುವಂತೆ ನುಂಗುತ್ತಿದ್ದ.

ಎರಡನೆಯ ದಿನವೂ ಅದೇ ಆಯಿತು, ಮೂರನೆಯ ದಿನವೂ. ನಾಲ್ಕನೆಯ ಸಂಜೆ ತಾಯಿ ಅನ್ನದ ಸೌಟು ಎತ್ತುವ ಮೊದಲೇ ಅಣವೀರಪ್ಪ ತಾಟಿಗೆ ಕೈ ಅಡ್ಡ ಹಿಡಿದ.

“ಅವ್ವಾ, ನನಗ ಅನ್ನ ಹಾಕಬ್ಯಾಡ.”

ಜಯದೇವಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ವಿದ್ಯಾವತಿಗೆ ಸಮಾಧಾನವಾಗುವ ಬದಲು ಸಿಟ್ಟು ಇನ್ನಷ್ಟು ಏರಿತು. ಇಷ್ಟು ಸಣ್ಣ ಮಾತು. ಇದನ್ನು ಆಡಲು ಅವನಿಗೆ ಅವಳ ಲಿವರು ಕೆಟ್ಟದ್ದು ಸಾಲಲಿಲ್ಲ, ತನ್ನ ಹೊಟ್ಟೆಗೆ ಮೂರು ದಿನ ಅನ್ನ ಬೀಳಬೇಕಾಯಿತು.